ಹದಿನಾಲ್ಕು ತಾರಸಿ

ಮದ್ದೂರು
11 ಫೆಬ್ರವರಿ 2025

ಶ್ರೀ ಶಶಿಧರ್ ಅವರಿಗೆ,

ನಿಮಗೆ ಫೋನ್ ಮಾಡಿದರೆ ಹೋಗುತ್ತಿಲ್ಲ. ನನ್ನ ನಂಬರು ಬ್ಲಾಕ್ ಮಾಡಿದ್ದೀರಿ. ನನ್ನ ಹೆಂಡತಿ ಸೌಮ್ಯಳ ಫೋನಿಂದ ಮಾಡಿದಾಗ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡಿದಿರಿ. ಅದಕ್ಕೇ ರಿಜಿಸ್ಟರ್ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ. ಸಹಿ ಹಾಕಿ ತಗೊಂಡ ಮೇಲೆ ಕಾಗದ ಬಂದಿಲ್ಲ ಅನ್ನೋಕೆ ಆಗಲ್ಲ.

ಚಿಕ್ಕರಸಿನಕೆರೆ ಹೊಂಬಾಳಮ್ಮ ನಿಮಗೆ ನೆನಪಿರಬೇಕು. ದೇವಸ್ಥಾನದ ದಾರಿಯಲ್ಲಿ ಇಡ್ಲಿ ಹೋಟೆಲ್ ಇಟ್ಟಿರುವವರು. 2022ರ ಜುಲೈಯಲ್ಲಿ, ನಮ್ಮ ಸೋಲಾರ್ ಅಂಗಡಿ ಇನ್ನೂ ಇದ್ದಾಗ, ಅವರ ತಾರಸಿಗೆ ಎಂಟು ಪ್ಯಾನೆಲ್ ಹಾಕಿದ್ದೆವು. ಹೋದ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಅವರು ಆ ಪ್ಯಾನೆಲ್ ಒರೆಸೋಕೆ ಹತ್ತಿದ್ದಾರೆ. ಬರಿಗಾಲು, ಕೈಯಲ್ಲಿ ಒದ್ದೆ ಬಟ್ಟೆ, ತಾರಸಿಯೆಲ್ಲ ಇಬ್ಬನಿ. ಚೌಕಟ್ಟು ಮುಟ್ಟಿದ್ದೇ ತಡ ಕರೆಂಟು ಎತ್ತಿ ಎಸೆದಿದೆ. ಕೆಳಗೆ ಬೀಳಲಿಲ್ಲ, ತಾರಸಿ ಮೇಲೇ ಬಿದ್ದರು, ಅದೊಂದು ಪುಣ್ಯ. ಎಡಗೈ ಮೂಳೆ ಎರಡು ಕಡೆ ಮುರಿದಿದೆ. ಬಲಗೈ ಅಂಗೈ ಸುಟ್ಟಿದೆ. ಮಂಡ್ಯದಲ್ಲಿ ಆಸ್ಪತ್ರೆಯಲ್ಲಿದ್ದಾರೆ. ಮಗಳು ವೀಣ ಹೋಟೆಲ್ ಬಾಗಿಲು ಹಾಕಿ ಜೊತೆಗಿದ್ದಾಳೆ.

ವಾರಕ್ಕೊಂದು ಸಲ ಒದ್ದೆ ಬಟ್ಟೇಲಿ ಒರೆಸಿ, ಯೂನಿಟ್ ಜಾಸ್ತಿ ಬರುತ್ತೆ ಅಂತ ಅವರಿಗೆ ಹೇಳಿದವನು ನಾನೇ. ಆಸ್ಪತ್ರೆಗೆ ಹೋದಾಗ ಅವರು ಮೊದಲು ಹೇಳಿದ್ದೂ ಅದನ್ನೇ. “ನೀನ್ ಯೋಳ್ದಂಗೇ ಒರುಸ್ತಿದ್ದೆ ಕಣಪ್ಪ. ಒಂದ್ ವಾರಾನೂ ತೆಪ್ಪಿಸ್ಲಿಲ್ಲ.”

ಅಲ್ಲಿಂದ ನೇರ ಅವರ ತಾರಸಿಗೆ ಹೋದೆ. ನೀರಿನ ಟ್ಯಾಂಕ್ ಬದಲಾಯಿಸಿದವರು ಅರ್ಥಿಂಗ್ ತಂತಿ ಕಿತ್ತುಹಾಕಿದ್ದರು. ಅದಿದ್ದಿದ್ದರೆ ಹೊಂಬಾಳಮ್ಮನಿಗೆ ಹೊಡೀತಿರಲಿಲ್ಲ. ಆದರೆ ಪ್ಯಾನೆಲ್ ಸರಿಯಿದ್ದರೆ ತಂತಿ ಇಲ್ಲದಿದ್ದರೂ ಚೌಕಟ್ಟಿಗೆ ಕರೆಂಟು ಬರಬಾರದು. ಎಲ್ಲ ಬಿಚ್ಚಿ, ನೀರು ಚಿಮುಕಿಸಿ, ಮೀಟರ್ ಇಟ್ಟು ಒಂದೊಂದೇ ನೋಡಿದೆ. ಎಂಟರಲ್ಲಿ ಐದು ಸೋರುತ್ತಿವೆ. ಹಿಂಬದಿಯ ಹಾಳೆ ಬಿರುಕು ಬಿಟ್ಟಿದೆ. ಬೆಳಿಗ್ಗೆ ಹೊತ್ತು ಇನ್ವರ್ಟರ್ ಕೆಂಪು ದೀಪ ತೋರಿಸಿ, ಬಿಸಿಲೇರಿದ ಮೇಲೆ ತಾನೇ ಸರಿಹೋಗ್ತಿತ್ತಂತೆ. ಸರಿಹೋಗ್ತದಲ್ಲ ಅಂತ ಅವರೂ ಯಾರಿಗೂ ಹೇಳಿಲ್ಲ.

ನೀವು ನೀವು ಅಂತ ಬರೆಯೋಕೆ ಕೈ ಬರ್ತಿಲ್ಲ. ನೀನು ಅಂತಲೇ ಬರೀತೀನಿ.

ಒಂದು ಪ್ಯಾನೆಲ್ಲಿನ ಹಿಂದಿನ ಸ್ಟಿಕ್ಕರ್ ಅಂಚು ಎದ್ದಿತ್ತು. ಕಿತ್ತೆ. ಅದರ ಕೆಳಗೆ ಇನ್ನೊಂದು ಸ್ಟಿಕ್ಕರ್ ಇದೆ. ಕಂಪನಿ ಹೆಸರು ಬೇರೆ. ನಮ್ಮ ದೇಶದ ಸುರಕ್ಷತಾ ನೋಂದಣಿ ಸಂಖ್ಯೆ ಅದರಲ್ಲಿ ಇಲ್ಲವೇ ಇಲ್ಲ. ಮೇಲಿನ ಸ್ಟಿಕ್ಕರಲ್ಲಿ ಮಾತ್ರ ಇದೆ. ಆ ಮೇಲಿನದ್ದನ್ನ ಅಂಟಿಸಿದ್ದು ನಾನು. ಕೆರಗೋಡಿನಲ್ಲಿ ನಿಮ್ಮ ಹಳೇ ಆಲೆಮನೆಯಲ್ಲಿ ಕೂತು ನೂರಿಪ್ಪತ್ತು ಪ್ಯಾನೆಲ್ಲಿಗೆ ಅಂಟಿಸಿದೆ. ಸಾಗಣೆಯಲ್ಲಿ ಹಳೇದು ಮಾಸಿದೆ, ಕಂಪನಿಯವರೇ ಹೊಸದು ಕಳಿಸಿದ್ದಾರೆ ಅಂದಿದ್ದೆ ನೀನು.

ಇದು ಏನು, ಹೇಗೆ ಅಂತ ಈಗ ನಾನು ಕೇಳ್ತಿಲ್ಲ. ಆ ವರ್ಷ ನಾನು ಅರವತ್ತೆರಡು ತಾರಸಿ ಹತ್ತಿದ್ದೀನಿ. ಕೆಲವಕ್ಕೆ ಈ ಲಾಟು, ಉಳಿದವಕ್ಕೆ ಬೇರೆ ಲಾಟು. ಯಾವ ಮನೆಗೆ ಯಾವುದು ಹೋಯ್ತು ಅನ್ನೋದು ನೀನು ಬರೆದಿಡ್ತಿದ್ದ ಪುಸ್ತಕದಲ್ಲಿ ಮಾತ್ರ ಇದೆ. ಆ ಮನೆಗಳ ಪಟ್ಟಿ ಕಳಿಸು. ಬೇರೇನೂ ಬೇಡ.

ಸಿದ್ದೇಶ್


ಮಂಡ್ಯ
3 ಮಾರ್ಚ್ 2025

ಶ್ರೀ ಸಿದ್ದೇಶ್ ಅವರಿಗೆ,

ತಮ್ಮ ಪತ್ರ ತಲುಪಿದೆ. ಶ್ರೀಮತಿ ಹೊಂಬಾಳಮ್ಮನವರಿಗೆ ಆದ ಅಪಘಾತದ ವಿಷಯ ತಿಳಿದು ಬೇಸರವಾಯಿತು. ಅವರು ಬೇಗ ಗುಣಮುಖರಾಗಲಿ.

ತಾವು ಹೇಳಿರುವ ಸಂಸ್ಥೆಯನ್ನು 2023ರ ಜನವರಿಯಲ್ಲೇ ಮುಚ್ಚಲಾಗಿದೆ. ನಾನೀಗ ಹನಿ ನೀರಾವರಿ ಪೈಪುಗಳ ವ್ಯವಹಾರದಲ್ಲಿದ್ದೇನೆ. ಹಳೆಯ ದಾಖಲೆಗಳು ಸದ್ಯಕ್ಕೆ ಸಿಗುತ್ತಿಲ್ಲ. ತಮ್ಮ ಪತ್ರದಲ್ಲೇ ಇರುವಂತೆ ಅರ್ಥಿಂಗ್ ತಂತಿಯನ್ನು ಮೂರನೆಯವರು ಕಿತ್ತಿರುವುದರಿಂದ ಅಪಘಾತಕ್ಕೆ ಪ್ಯಾನೆಲ್ಲೇ ಕಾರಣ ಎನ್ನಲಾಗದು. ಗ್ರಾಹಕರು ತಯಾರಕರನ್ನು ಸಂಪರ್ಕಿಸುವುದು ಸೂಕ್ತ.

ಇಂತಿ,
ಎನ್. ಶಶಿಧರ್


ಮದ್ದೂರು
9 ಮಾರ್ಚ್ 2025

ಶಶಿ,

ನಿನ್ನ ಟೈಪ್ ಮಾಡಿದ ಕಾಗದ ಬಂತು. ಯಾವ ವಕೀಲರ ಹತ್ತಿರ ಬರೆಸಿದೆ? ತಯಾರಕರನ್ನ ಸಂಪರ್ಕಿಸಬೇಕಂತೆ. ಇಡ್ಲಿ ಬೇಯಿಸೋ ಹೆಂಗಸು ಒಂದು ಕೈ ಕಟ್ಟಿಕೊಂಡು ಯಾವ ದೇಶದ ಯಾವ ತಯಾರಕರನ್ನ ಹುಡುಕಬೇಕು? ಕೆಳಗಿನ ಸ್ಟಿಕ್ಕರಲ್ಲಿರೋ ಹೆಸರಿನವರನ್ನೋ, ಮೇಲಿನದರಲ್ಲಿರೋ ಹೆಸರಿನವರನ್ನೋ?

ಪಟ್ಟಿ ಕೊಡದಿದ್ದರೆ ಬೇಡ. ಅರವತ್ತೆರಡೂ ಹತ್ತುತ್ತಿದ್ದೀನಿ. ಈಗ ಒಂದು ಕಂಪನಿಯವರಿಗೆ ಫಿಟ್ಟಿಂಗ್ ಕೆಲಸ ಮಾಡಿಕೊಡ್ತೀನಿ, ಭಾನುವಾರ ಮಾತ್ರ ಬಿಡುವು. ಕೆಲಸ ಮುಗಿಸಿದ ಸಂಜೆ ಬೆಳಕಿದ್ದರೆ ಹತ್ತಿರದ ಒಂದು ಮನೆ ನೋಡ್ತೀನಿ. ಇಲ್ಲಿವರೆಗೆ ಹತ್ತೊಂಬತ್ತು ಹತ್ತಿದ್ದೀನಿ. ಹೊಂಬಾಳಮ್ಮನ ಮನೆ ಸೇರಿ ಮೂರು ಸಿಕ್ಕಿವೆ. ಸಿಕ್ಕಿದ ಕಡೆ ಪ್ಯಾನೆಲ್ ತಂತಿ ಬಿಡಿಸಿ, ಯಾರೂ ಮುಟ್ಟಬೇಡಿ ಅಂತ ಸುಣ್ಣದಲ್ಲಿ ಗೆರೆ ಎಳೆದು ಬರ್ತೀನಿ. ಯಾಕೆ ಅಂತ ಕೇಳಿದರೆ ನಾನು ಅಂಟಿಸಿದ ಸ್ಟಿಕ್ಕರ್ ಸುಳ್ಳು ಅಂತ ಹೇಳ್ತೀನಿ. ಕೊಪ್ಪದಲ್ಲಿ ಹೊನ್ನಯ್ಯ ಮೇಷ್ಟ್ರು ಕೇಳಿದರು, “ಅಂಟಿಸೋವಾಗ ಕೆಳಗಡೆ ಏನದೆ ಅಂತ ಓದ್ಲಿಲ್ವೇನಪ್ಪ ನೀನು? ಡಿಪ್ಲೊಮಾ ಓದಿದ್ದೀಯಲ್ಲ?” ಓದಿದ್ದೆ ಶಶಿ. ಹೆಸರು ಬೇರೆ ಇದೆಯಲ್ಲ ಅಂತ ಆವತ್ತೇ ಅನ್ನಿಸಿತ್ತು. ನೀನು ಹೇಳಿದ ಮೇಲೆ ಸರಿ ಇರಬೇಕು ಅಂದುಕೊಂಡೆ. ಮೇಷ್ಟ್ರಿಗೂ ಹಾಗೇ ಹೇಳಿದೆ.

ಬರೆಯಬಾರದು ಅಂತಿದ್ದೆ, ಬರೆದೇ ಬಿಡ್ತೀನಿ. ನಾನು ದಲಿತ ಕೇರಿಯವನು, ನೀನು ಕೆರಗೋಡಿನ ಗೌಡರ ಮನೆಯವನು. ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಒಂದೇ ಬೆಂಚಲ್ಲಿ ಕೂತಾಗ ಅದು ಇಬ್ಬರ ತಲೆಗೂ ಬಂದಿರಲಿಲ್ಲ. ಅಂಗಡಿ ಮಾಡಿದಾಗಲೂ ಬರಲಿಲ್ಲ. ಆಮೇಲೆ ಆ ಜನವರಿಯಲ್ಲಿ ಒಂದು ದಿನ, ಶಟರ್ ಎಳೀತಾ, ನನ್ನ ಮುಖ ನೋಡದೆ ಅಂದೆ: “ಇನ್ನು ಬ್ಯಾರೆ ಬ್ಯಾರೆ ಮಾಡ್ಕಳಾಣ ಕಣ್ಲಾ. ಅಪ್ಪ ಒಪ್ತಿಲ್ಲ. ನಿಂಗೊತ್ತಲ್ಲ.” ನಾನು ಏನೂ ಕೇಳಲಿಲ್ಲ. ಕೇಳೋದೇನಿತ್ತು? ನಿಮ್ಮಪ್ಪ ನಿಂಗಯ್ಯಗೌಡರು ಯಾಕೆ ಒಪ್ಪಲ್ಲ ಅಂತ ನನಗೆ ಗೊತ್ತಿತ್ತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ “ನಾನ್ ಅವತ್ತೇ ಅಂದಿರ್ನಿಲ್ವಾ” ಅಂದಳು. ಎರಡು ವರ್ಷ ಆಯ್ತು, ನಾನು ಕೆರಗೋಡು ಕಡೆ ಹೋಗಿಲ್ಲ.

ಅದು ಇರಲಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನನ್ನ ಜೊತೆ ಪಾಲುದಾರಿಕೆ ನಿಮ್ಮ ಮನೆಗೆ ಬೇಡವಾದರೆ ಬೇಡ. ಪಟ್ಟಿ ಕೊಡು.

ಸಿದ್ದೇಶ


ಮದ್ದೂರು
2 ಏಪ್ರಿಲ್ 2025

ಶಶಿ,

ಉತ್ತರ ಇಲ್ಲ. ಪರವಾಗಿಲ್ಲ.

ಮೂವತ್ತೊಂದು ತಾರಸಿ ಆಯ್ತು. ಐದು ಸಿಕ್ಕಿವೆ. ಐದನೆಯದು ಬೆಸಗರಹಳ್ಳಿ ಪಟ್ಟಲಮ್ಮನ ಮನೆ. ಎಪ್ಪತ್ತು ದಾಟಿದ ಮುದುಕಿ, ಏಣಿ ಮುಂದೆ ನಿಂತು ಬಿಡಲೇ ಇಲ್ಲ.

“ನನ್ ಬಿಲ್ಲು ಸೊನ್ನೆ ಬತ್ತಾ ಅದೆ. ನೀನ್ಯಾವನ್ಲಾ ಬಿಚ್ಚಾಕೆ?”

“ನಾನೇ ಕಣಮ್ಮ ಆಕಿದ್ದು. ಮಳೇಲಿ ಮುಟ್ಟುದ್ರೆ ಕರೆಂಟ್ ಒಡೀತದೆ.”

“ಮೂರ್ ಮಳೆಗಾಲ ಕಳೀತು, ನಂಗೊಡೀನಿಲ್ಲ.”

“ಚಿಕ್ಕರಸಿನಕೆರೇಲಿ ಒಬ್ಬಮ್ಮಂಗೆ ಒಡ್ದದೆ.”

“ಯಾರ್ಗೆ?”

ಹೇಳಿದೆ. ಹೊಂಬಾಳಮ್ಮನ ಹೋಟೆಲಲ್ಲಿ ಅವರು ಇಡ್ಲಿ ತಿಂದಿದ್ದಾರಂತೆ. ಏಣಿ ಬಿಟ್ಟರು. ನಾನು ಕೆಳಗಿಳಿಯೋವರೆಗೂ ಬೈತಾನೇ ಇದ್ದರು. ನನಗಲ್ಲ, ಹೆಸರು ಗೊತ್ತಿಲ್ಲದ ಯಾರಿಗೋ. ನಿನಗೇ ಇರಬೇಕು.

ಮೊನ್ನೆ ಮದ್ದೂರಲ್ಲಿ ಮೊದಲ ಮಳೆ ಬಿತ್ತು. ಇನ್ನೂ ಮೂವತ್ತೊಂದು ಹತ್ತಬೇಕು. ಮಳೆ ಬಂದ ದಿನ ನಾನು ಬೇರೆ ಕಡೆ ಕೆಲಸದಲ್ಲಿದ್ದರೂ ಸಿಗದಿರೋ ಮನೆಗಳದ್ದೇ ಯೋಚನೆ. ನಿನಗೆ ಯಾವ ಮನೆಗಳು ಅಂತ ಗೊತ್ತು. ನೀನು ಹೇಗೆ ಇರ್ತೀಯೋ ನನಗೆ ಗೊತ್ತಿಲ್ಲ.

ಸಿದ್ದೇಶ


ಕೆರಗೋಡು
17 ಏಪ್ರಿಲ್ 2025

ಸಿದ್ದ,

ಪಟ್ಟಿ ಈ ಕಾಗದದ ಜೊತೆಗಿದೆ. ಪುಸ್ತಕದ ಆ ಹಾಳೆಗಳ ಜೆರಾಕ್ಸ್. ಹದಿನಾಲ್ಕು ಮನೆ. ನೀನು ಹುಡುಕಿರೋದು ಐದು. ಉಳಿದ ಒಂಬತ್ತರಲ್ಲಿ ಮಳವಳ್ಳಿ ನಾಲ್ಕು, ಹಲಗೂರು ಎರಡು, ಮುತ್ತತ್ತಿ ದಾರಿಯ ಹೋಟೆಲ್ ಒಂದು, ಮದ್ದೂರು ಎರಡು. ಮುತ್ತತ್ತಿ ದಾರಿಯದ್ದು ಮೊದಲು ಬಿಡಿಸು. ಅದು ತಗಡಿನ ಮೇಲೆ ಕೂರಿಸಿದ್ದು, ಪ್ರವಾಸಕ್ಕೆ ಬಂದವರು ಒದ್ದೆ ಬಟ್ಟೆ ಅಲ್ಲೇ ಒಣಗಿಸ್ತಾರೆ. ಪುಸ್ತಕ ಯಾವಾಗಲೂ ನನ್ನ ಮೇಜಲ್ಲೇ ಇತ್ತು. ಸಿಗುತ್ತಿಲ್ಲ ಅಂತ ಬರೆದದ್ದು ಸುಳ್ಳು.

ಹೋದ ಭಾನುವಾರ ಚಿಕ್ಕರಸಿನಕೆರೆಗೆ ಹೋಗಿದ್ದೆ. ಹೊಂಬಾಳಮ್ಮ ಹೋಟೆಲ್ ತೆಗೆದಿದ್ದಾರೆ. ಮಗಳು ಬೇಯಿಸ್ತಾಳೆ, ಇವರು ಒಂದು ಕೈಯಲ್ಲಿ ಬಡಿಸ್ತಾರೆ. ಗುರುತು ಹಿಡಿದರು. “ಬಂದ್ರಾ ಶಶಿಯಪ್ಪ, ಕೂತ್ಕಳಿ” ಅಂತ ಎಲೆ ಹಾಕಿದರು. ಅಂಗೈಯಲ್ಲಿ ಹೊಸ ಚರ್ಮ ಕೆಂಪಗಿತ್ತು. ಅವರೇ ಮಾತು ತೆಗೆದರು. “ನಿಮ್ಮನೆ ಮ್ಯಾಲೂ ಅಂಥದ್ದೇ ಆಕ್ಸಿದ್ದೀರಾ? ಉಸಾರು ಕಣಪ್ಪ. ಎಂಡ್ತಿ ಮಕ್ಳು ಓಡಾಡೋ ಜಾಗ.” ಅರ್ಧ ಇಡ್ಲಿ ಎಲೆಯಲ್ಲೇ ಬಿಟ್ಟು ಎದ್ದೆ.

ಮೊದಲಿಂದ ಹೇಳ್ತೀನಿ. 2022ರ ಏಪ್ರಿಲ್ ಒಂದರಿಂದ ಹೊರದೇಶದ ಪ್ಯಾನೆಲ್ಲಿಗೆ ನೂರಕ್ಕೆ ನಲವತ್ತು ಸುಂಕ ಅಂತ ಬಂತಲ್ಲ, ಆಗ ಎಲ್ಲರಿಗೂ ಹುಚ್ಚು ಹಿಡಿದಿತ್ತು. ಸುಂಕ ಬರೋದರೊಳಗೆ ಹಡಗಿಂದ ಇಳಿದದ್ದೇ ಲಾಭ ಅಂತ. ಚೆನ್ನೈನ ಒಬ್ಬ ಆಮದುದಾರ ಕೊನೇ ವಾರದಲ್ಲಿ ಫೋನ್ ಮಾಡಿ, ನೂರಿಪ್ಪತ್ತು ಇವೆ, ನೋಂದಣಿ ಆಗಿದೆ, ಇವತ್ತೇ ಹೇಳಿ ಅಂದ. ಸರ್ಟಿಫಿಕೇಟ್ ಕಳಿಸಿದ. ಅದರಲ್ಲಿದ್ದ ಮಾಡೆಲ್ ಬೇರೆ, ಕಾರ್ಖಾನೆ ಬೇರೆ. ಕೇಳಿದ್ದಕ್ಕೆ ಒಂದೇ ಕಂಪನಿ ಕಣ್ರೀ ಅಂದ. ಸ್ಟಿಕ್ಕರ್ ಕೊರಿಯರಲ್ಲಿ ಬಂದವು. ಆಗಲೇ ನನಗೆ ಅನುಮಾನ. ಪ್ಯಾನೆಲ್ ಅಂದರೆ ಗಾಜು, ಅಲ್ಯೂಮಿನಿಯಂ, ಎಲ್ಲವೂ ಒಂದೇ, ಕಾಗದ ತಾನೇ ವ್ಯತ್ಯಾಸ ಅಂತ ಸಮಾಧಾನ ಮಾಡಿಕೊಂಡೆ. ನಿನಗೆ ಮಾಸಿದ ಸ್ಟಿಕ್ಕರಿನ ಕತೆ ಹೇಳಿದೆ.

ಆ ಅಕ್ಟೋಬರಿನಲ್ಲಿ ಮಳವಳ್ಳಿಯಿಂದ ಅಕ್ಕ ಕುಸುಮ ಫೋನ್ ಮಾಡಿದಳು. ಮಳೆ ಬಂದ ದಿನ ಇನ್ವರ್ಟರ್ ನಿಂತು ಹೋಗ್ತದೆ ಅಂತ. ಅವಳ ಮನೆಗೂ ಇದೇ ಲಾಟು ಹಾಕಿದ್ದೆವು. ಒಂದನ್ನ ಬಿಚ್ಚಿ ಬೆಂಗಳೂರಿನ ಒಂದು ಪರೀಕ್ಷಾ ಕೇಂದ್ರಕ್ಕೆ ಕಳಿಸಿದೆ. ಡಿಸೆಂಬರಿನಲ್ಲಿ ವರದಿ ಬಂತು. ನೀರಲ್ಲಿಟ್ಟು ಮಾಡೋ ಪರೀಕ್ಷೆಯಲ್ಲಿ ಫೇಲ್. ಮನುಷ್ಯರು ಮುಟ್ಟೋ ಜಾಗದಲ್ಲಿ ಬಳಸಬಾರದು ಅಂತ ಬರೆದಿದ್ದರು.

ಅಕ್ಕನ ಮನೆಯ ಎಂಟನ್ನೂ ಮೈಸೂರಿನವರನ್ನ ಕರೆಸಿ ಬದಲಾಯಿಸಿದೆ. ನಿನಗೆ ಗೊತ್ತಾಗದ ಹಾಗೆ. ಅವಳಿಗೂ ಕಾರಣ ಹೇಳಲಿಲ್ಲ. ಪಟ್ಟಿಯಲ್ಲಿ ಅವಳ ಹೆಸರು ಇಲ್ಲ, ಯಾಕೆಂದರೆ ಅದು ಸರಿಯಾಗಿದೆ. ಉಳಿದ ಹದಿನಾಲ್ಕು ಹಾಗೇ ಬಿಟ್ಟೆ. ಅರ್ಥಿಂಗ್ ಇದೆಯಲ್ಲ, ಸಿದ್ದ ಹಾಕಿದ ಅರ್ಥಿಂಗ್ ಯಾವತ್ತೂ ಕೈ ಕೊಡಲ್ಲ ಅಂತ ದಿನಾ ಅಂದುಕೊಳ್ತಿದ್ದೆ.

ಇನ್ನೊಂದು ಇದೆ. ನಿನ್ನ ಮಾರ್ಚಿನ ಕಾಗದ ಓದಿದ ಮೇಲೆ ಇದನ್ನ ಬರೆಯೋಕೆ ಒಂದು ತಿಂಗಳು ಹಿಡೀತು. ಅಪ್ಪ ಏನೂ ಅಂದಿರಲಿಲ್ಲ.

ವರದಿ ಬಂದ ಮೇಲೆ ನಿನ್ನ ಎದುರು ಕೂರೋಕೆ ನನ್ನಿಂದ ಆಗಲಿಲ್ಲ. ನಿನಗೆ ಹೇಳಿದರೆ ಮಾರನೇ ದಿನವೇ ಹದಿನಾಲ್ಕೂ ಬಿಚ್ಚೋಣ ಅಂತೀಯ ಅಂತ ಗೊತ್ತಿತ್ತು. ಅಂಗಡಿ ಮುಚ್ಚೋಕೆ ಒಂದು ಕಾರಣ ಬೇಕಿತ್ತು. ಅಪ್ಪ ಒಪ್ತಿಲ್ಲ, ನಿಂಗೊತ್ತಲ್ಲ ಅಂದೆ. ನೀನು ಏನು ತಿಳ್ಕೊಳ್ತೀಯ ಅಂತ ನನಗೆ ಗೊತ್ತಿತ್ತು. ತಿಳ್ಕೊಳ್ಳಲಿ ಅಂತಲೇ ಅಂದೆ. ಮೋಸಗಾರ ಅನ್ನಿಸ್ಕೊಳ್ಳೋದಕ್ಕಿಂತ ಜಾತಿ ನೋಡೋನು ಅನ್ನಿಸ್ಕೊಳ್ಳೋದು ಹಗುರ ಅನ್ನಿಸಿತು. ಮೋಸ ಮಾಡಿದ ಅಂದರೆ ಊರಲ್ಲಿ ತಲೆ ಎತ್ತೋಕೆ ಆಗಲ್ಲ. ಜಾತಿ ನೋಡಿದ ಅಂದರೆ ಮಾತ್ರ ಯಾರೂ ಏನೂ ಅನ್ನಲ್ಲ.

ಇದನ್ನ ಓದಿ ನೀನು ಏನು ಬರೆದರೂ ಓದ್ತೀನಿ.

ಶಶಿ


ಮದ್ದೂರು
25 ಏಪ್ರಿಲ್ 2025

ಶಶಿ,

ಮುತ್ತತ್ತಿ ದಾರಿಯ ಹೋಟೆಲ್ ಕಾಗದ ಸಿಕ್ಕಿದ ದಿನವೇ ಬಿಡಿಸಿದೆ. ರಜೆ ಹಾಕಿ ಉಳಿದ ಎಂಟನ್ನೂ ನಾಲ್ಕು ದಿನದಲ್ಲಿ ಬಿಡಿಸಿದ್ದೀನಿ. ಈಗ ಹದಿನಾಲ್ಕು ಮನೆಯಲ್ಲೂ ಕರೆಂಟು ಹರೀತಿಲ್ಲ. ಚೌಕಟ್ಟು ಇನ್ನೂ ಮೇಲೇ ಇದೆ. ಮೊದಲು ಇದನ್ನ ತಿಳಿಸೋಣ ಅಂತ ಬರೆದೆ.

ಎರಡನೇದು. ನಿನಗೆ ಹಗುರ ಆಯ್ತು. ನನಗೇನಾಯ್ತು ಕೇಳು. ಆ ದಿನದಿಂದ ನಾನು ಯಾರ ಮನೆಗೆ ಕೆಲಸಕ್ಕೆ ಹೋದರೂ ಹಿತ್ತಲ ಬಾಗಿಲ ಹತ್ತಿರ ನಿಂತು ಕರೆಯೋದು ಕಲಿತೆ. ಮುಂಬಾಗಿಲಿಂದ ಬಾ ಅಂದರೂ ಒಂದು ಗಳಿಗೆ ಯೋಚನೆ ಮಾಡ್ತಿದ್ದೆ. ಸಹಿ ಹಾಕಬೇಕಾದ ಎರಡು ಪಾಲುದಾರಿಕೆ ಬಿಟ್ಟೆ. ಒಬ್ಬ ತುಮಕೂರಿನವನು, ಒಳ್ಳೆಯವನು, ನಿನ್ನ ಹಾಗೇ ನಗ್ತಿದ್ದ. ಅದಕ್ಕೇ ಬಿಟ್ಟೆ. ಪಾಲಿಟೆಕ್ನಿಕ್ಕಿನ ಮೂರು ವರ್ಷವನ್ನೂ ಹಿಂದಕ್ಕೆ ಹೋಗಿ ಒಂದೊಂದು ದಿನ ಹುಡುಕಿದ್ದೀನಿ, ಇವನು ಆಗಲೂ ಹೀಗೇ ಇದ್ದನಾ, ನನಗೇ ಕಾಣಲಿಲ್ಲವಾ ಅಂತ. ಈಗ ನೀನು ಬರೀತೀಯ, ಅದೆಲ್ಲ ಇರಲೇ ಇಲ್ಲ, ಹಾಗೆ ಅನ್ನಿಸಿದ್ದಷ್ಟೇ ಅಂತ.

ನಮ್ಮ ಅಪ್ಪನ ಕಾಲದಿಂದ ಜನ ನಮ್ಮ ಮೇಲೆ ಜಾತಿಯ ಕಲ್ಲು ಎಸೀತಿದ್ದಾರೆ ಶಶಿ. ಎಸೆದವರ ಮನಸ್ಸಲ್ಲಿ ಜಾತಿ ಇರುತ್ತಿತ್ತು. ನಿನ್ನ ಮನಸ್ಸಲ್ಲಿ ಅದು ಇರಲಿಲ್ಲ, ಆದರೂ ಎಸೆದೆ, ಕೈಗೆ ಅದೇ ಸಿಕ್ಕಿತು ಅಂತ. ಯಾವುದರ ಪೆಟ್ಟು ಜಾಸ್ತಿ ಅಂತ ನನಗೆ ಇನ್ನೂ ಗೊತ್ತಾಗ್ತಿಲ್ಲ.

ಸುಂಕ ಏರೋ ಮೊದಲು ತಗೋ ಅಂದವರಲ್ಲಿ ನಾನೂ ಒಬ್ಬ. ಸ್ಟಿಕ್ಕರ್ ಅಂಟಿಸಿದ್ದೂ ನಾನೇ. ಆ ಪಾಲು ನನ್ನದು, ಅದನ್ನ ನಿನ್ನ ತಲೆಗೆ ಕಟ್ಟಲ್ಲ.

ಆಗಬೇಕಾದ್ದು ಮೂರು. ಹದಿನಾಲ್ಕು ಮನೆಗೂ ನೀನೇ ಹೋಗಿ ಏನಾಯ್ತು ಅಂತ ಹೇಳಬೇಕು, ಬರೆದೂ ಕೊಡಬೇಕು. ಸುರಕ್ಷತಾ ನೋಂದಣಿ ಕೊಡೋ ಬಿಐಎಸ್ ಕಚೇರಿಗೆ ಆ ಲ್ಯಾಬ್ ವರದಿ, ಆಮದುದಾರನ ಹೆಸರು ಎಲ್ಲ ಬರೆದು ಕಳಿಸಬೇಕು. ಅವನು ಇಂಥವನ್ನ ನಮಗೊಬ್ಬರಿಗೇ ಮಾರಿರಲ್ಲ. ನಾನೂ ಬೇರೆ ಬರೀತೀನಿ. ಮೂರನೇದು, ನಿಮ್ಮಪ್ಪನಿಗೆ ಹೇಳಬೇಕು. ಆ ಮನುಷ್ಯನ ಹೆಸರು ಹೇಳಿ ನನ್ನನ್ನ ಕಳಿಸಿದೆ, ಅವರಿಗೇ ಗೊತ್ತಿಲ್ಲ. ಎರಡು ವರ್ಷದಿಂದ ನಾನು ಅವರನ್ನ ಬೈಕೊಂಡು ಬದುಕಿದ್ದೀನಿ.

ಸಿದ್ದೇಶ


ಕೆರಗೋಡು
1 ಜೂನ್ 2025

ಸಿದ್ದ,

ಹದಿನಾಲ್ಕರಲ್ಲಿ ಹನ್ನೆರಡು ಮನೆಗೆ ಹೋಗಿ ಬಂದೆ. ಉಳಿದ ಎರಡು ಮನೆಯವರು ಊರಲ್ಲಿಲ್ಲ. ಹಲಗೂರಿನ ಚಲುವರಾಜು ಕೊರಳಪಟ್ಟಿ ಹಿಡಿದ. ಹಿಡಿದುಕೊಂಡೇ ಅರ್ಧ ಗಂಟೆ ಮಾತಾಡಿದ. ಅವನ ಮಗಳು ಆ ಪ್ಯಾನೆಲ್ ನೆರಳಲ್ಲಿ ಕೂತು ಪಿಯುಸಿ ಓದಿದ್ದಂತೆ, ಎರಡು ವರ್ಷ. ಹೊನ್ನಯ್ಯ ಮೇಷ್ಟ್ರು ನಾನು ಬರೆದು ಕೊಟ್ಟಿದ್ದನ್ನ ಓದಿ, ಎರಡು ಕಾಗುಣಿತ ತಿದ್ದಿ, ಸಹಿ ಹಾಕಿಸಿಕೊಂಡರು. ಹೊಂಬಾಳಮ್ಮನಿಗೆ ಎಲ್ಲ ಹೇಳಿದೆ. ಅವರು ಎದ್ದು ಒಳಗೆ ಹೋದರು. ವೀಣ “ಇನ್ಮ್ಯಾಕೆ ನಮ್ಮೋಟ್ಲು ಅತ್ರ ಬರ್ಬ್ಯಾಡಿ” ಅಂದಳು. ಸರಿ ಅಂದು ಬಂದೆ.

ಬದಲಿ ಪ್ಯಾನೆಲ್ ತರಿಸಿದ್ದೀನಿ, ನಮ್ಮ ದೇಶದಲ್ಲೇ ತಯಾರಾಗಿರೋವು, ಸರ್ಕಾರದ ಒಪ್ಪಿತ ಪಟ್ಟಿಯಲ್ಲಿರೋವು. ಅದಕ್ಕೆ ಕಾರು ಮಾರಿದೆ. ನಂಬರೆಲ್ಲ ನಾನೇ ಇಲಾಖೆಯ ವೆಬ್‌ಸೈಟಲ್ಲಿ ಒಂದೊಂದಾಗಿ ನೋಡಿದೆ, ಆದರೂ ನೀನೊಂದು ಸಲ ನೋಡು.

ಬಿಐಎಸ್‌ನವರು ಬಂದು ಆಲೆಮನೆಯಲ್ಲಿದ್ದ ಅಕ್ಕನ ಮನೆಯ ಹಳೇ ಪ್ಯಾನೆಲ್ಲಿಗೆಲ್ಲ ಸೀಲ್ ಹಾಕಿ ಹೋದರು. ನೋಟಿಸ್ ಬಂದಿದೆ. ಚೆನ್ನೈನವನಿಗೂ ಹೋಗಿದೆಯಂತೆ. ಅವನ ಫೋನು ಈಗ ಇಲ್ಲ.

ಸೀಲ್ ಹಾಕಿದ ದಿನ ಅಪ್ಪನಿಗೆ ಹೇಳಿದೆ. ಪ್ಯಾನೆಲ್ ವಿಷಯ ಹೇಳೋವಾಗ ಬೈದ. ಅಕ್ಕನ ಮನೆಯದ್ದು ಮಾತ್ರ ಬದಲಾಯಿಸಿದೆ ಅಂದಾಗ ಇನ್ನೂ ಬೈದ. ಅವನ ಹೆಸರು ಹೇಳಿ ನಿನ್ನನ್ನ ಕಳಿಸಿದ್ದು ಹೇಳಿದಾಗ ಬಾಯಿ ನಿಂತು ಹೋಯ್ತು. ಹತ್ತು ದಿನ ಆಯ್ತು, ನನ್ನ ಜೊತೆ ಮಾತಿಲ್ಲ. ಅವ್ವನ ಹತ್ತಿರ ನಿನ್ನ ಮನೆ ಮದ್ದೂರಲ್ಲಿ ಎಲ್ಲಿ ಅಂತ ವಿಚಾರಿಸಿದನಂತೆ. ಯಾಕೆ ಅಂತ ಗೊತ್ತಿಲ್ಲ.

ಶಶಿ


ಮದ್ದೂರು
22 ಜೂನ್ 2025

ಶಶಿ,

ಹೊಸ ಪ್ಯಾನೆಲ್ ನಂಬರೆಲ್ಲ ನೋಡಿದೆ, ಸರಿ ಇವೆ. ಹನ್ನೊಂದು ಮನೆಗೆ ಕೂರಿಸಿದ್ದೀನಿ. ಮಳವಳ್ಳಿಯ ಎರಡು, ಹಲಗೂರಿನ ಒಂದು ಬಾಕಿ. ಮಳೆ ನೋಡಿಕೊಂಡು ಈ ವಾರ ಮುಗಿಸ್ತೀನಿ. ಬಿಐಎಸ್‌ನಿಂದ ನನಗೂ ಕರೆ ಬಂದಿದೆ. ಸ್ಟಿಕ್ಕರ್ ಅಂಟಿಸಿದ್ದು ನಾನು, ಕೆಳಗಿನ ಹೆಸರು ಓದಿಯೂ ಅಂಟಿಸಿದೆ ಅಂತ ಬರೆದುಕೊಟ್ಟಿದ್ದೀನಿ. ಏನಾಗುತ್ತೋ ನೋಡೋಣ. ಸೌಮ್ಯ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ, ಈಗ ಪರವಾಗಿಲ್ಲ.

ಮೊನ್ನೆ ಶುಕ್ರವಾರ ರಜೆಯಲ್ಲಿದ್ದೆ, ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮಪ್ಪ ಬಂದಿದ್ದರು. ಕೆರಗೋಡಿಂದ ಮಂಡ್ಯ, ಮಂಡ್ಯದಿಂದ ಮದ್ದೂರು, ಎರಡು ಬಸ್ಸು ಹತ್ತಿ, ಆಮೇಲೆ ನಮ್ಮ ಬೀದಿವರೆಗೆ ನಡೆದು. ಅವ್ವ ಬಾಗಿಲಲ್ಲೇ ಇದ್ದಳು. ನೋಡಿದವಳು ಒಳಗೆ ಬಂದು, “ಗೌಡ ಬಂದವ್ನೆ” ಅಂತ ಅಷ್ಟೇ ಹೇಳಿ ಅಡಿಗೆಮನೆಗೆ ಹೋದಳು.

ಒಳಗೆ ಬನ್ನಿ ಅಂದೆ. ಬಂದು ಕುರ್ಚಿಯಲ್ಲಿ ಕೂತರು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ ನೋಡಿದರು. ಮೊಣಕಾಲು ಉಜ್ಜಿಕೊಂಡರು. ಆಮೇಲೆ ಮಾತು ತೆಗೆದರು.

“ನಾನ್ ಅಂಗಂದಿರ್ನಿಲ್ಲ ಕಣಪ್ಪ.”

“ಗೊತ್ತಾಯ್ತು ಗೌಡ್ರೇ. ಶಶಿ ಬರ್ದಿದ್ದ.”

“ಎಲ್ಡ್ ವರ್ಸ ನೀನು, ನಾನೇ ಅಂದಿದ್ದು ಅನ್ಕಂಡಿದ್ದೆ.”

“ಊಂ.”

“ಒಂದ್ಸಲ ಬಂದು ಕೇಳ್ಬವ್ದಾಗಿತ್ತು.”

ನಾನು ಎದ್ದು ಫ್ಯಾನ್ ಹಾಕಿದೆ.

“ಯಾಕ್ ಕೇಳ್ನಿಲ್ಲ? ಯಾಕ್ ನಂಬ್ದೆ?”

ಏನು ಹೇಳಲಿ ಶಶಿ? ಪಾಲಿಟೆಕ್ನಿಕ್ ದಿನಗಳಲ್ಲಿ ನಿಮ್ಮ ಮನೆಗೆ ಬಂದಾಗಲೆಲ್ಲ ಅವರು ಜಗಲಿಯಿಂದ ಎದ್ದು ತೋಟಕ್ಕೆ ಹೋಗಿಬಿಡ್ತಿದ್ದರು. ಯಾವತ್ತೂ ಒಂದು ಕೆಟ್ಟ ಮಾತು ಆಡಿಲ್ಲ. ಎದ್ದು ಹೋಗ್ತಿದ್ದರು, ಅಷ್ಟೇ. ಅದನ್ನ ಹೇಳೋಕೆ ಬಾಯಿ ಬರಲಿಲ್ಲ. ಮನೆಗೆ ಬಂದ ವಯಸ್ಸಾದವರು.

ಅವರೂ ಉತ್ತರಕ್ಕೆ ಕಾಯೋ ಹಾಗೆ ಕಾಣಲಿಲ್ಲ. ಕೈಯಲ್ಲಿದ್ದ ಟವೆಲ್ಲನ್ನ ಮಡಿಸಿದರು, ಬಿಚ್ಚಿದರು. ಆಮೇಲೆ ಅಂದರು:

“ನಾನಾಗಿದ್ರೂ ನಂಬ್ತಿದ್ದೆ.”

ಅವ್ವ ಕಾಫಿ ತಂದಿಟ್ಟಳು. ಕುಡಿದರು. ಲೋಟ ಕೆಳಗಿಟ್ಟು, ಬತ್ತೀನಿ ಕಣವ್ವ ಅಂತ ಅವಳಿಗೆ ಹೇಳಿ ಎದ್ದರು. ಅವ್ವ ಊಂ ಅಂದು ಲೋಟ ಎತ್ತಿಕೊಂಡು ಒಳಗೆ ಹೋದಳು.

ನಾನು ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೋದೆ. ಬೇಡ ಅಂದರೂ ಹೋದೆ. ಮಂಡ್ಯ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು.

“ನಮ್ಮುಡ್ಗ ನಿನ್ ಕುಟೆ ಮಾತಾಡ್ತಾನಾ?”

“ಇಲ್ಲ,” ಅಂದೆ. “ಕಾಗ್ದ ಬರೀತಾನೆ.”

ಹಿಂದಿನವರು ನೂಕುತ್ತಿದ್ದರು.

“ಬರೀಲಿ ಬುಡು,” ಅಂದು ಹತ್ತಿದರು.

ಸಿದ್ದೇಶ